ನ್ಯುಮೋನಿಯಾದಿಂದ ಈಗಷ್ಟೇ ಎದ್ದಿದ್ದೇನೆ, ಹುತ್ತರಿಗೆ ಮನೆಯಲ್ಲಿ ಒಬ್ಬಳೇ ಇರಬಹುದೇ?

ಪ್ರಶ್ನೆ: ನನಗೆ 61 ವರ್ಷ. ನ್ಯುಮೋನಿಯಾ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ವಾರವಾಯಿತು. ಜ್ವರ ಬಿಟ್ಟಿದೆ, ಕೆಮ್ಮು ಮತ್ತು ನಿತ್ರಾಣ ಉಳಿದಿವೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮನೆಯವರೆಲ್ಲ ಕುಲದ ಮೂಲಮನೆಯಾದ ಐನ್‌ಮನೆಗೆ ಹೋಗಬೇಕು, ಎರಡು ರಾತ್ರಿ ಅಲ್ಲೇ ಉಳಿಯುತ್ತಾರೆ. ನನ್ನಿಂದಾಗಿ ಅವರ ಹಬ್ಬ ಕೆಡುವುದು ಬೇಡ. ತೋಟದ ಮನೆಯಲ್ಲಿ ನಾನೊಬ್ಬಳೇ ಇರಬಹುದೇ? ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಹಗಲು ಇರಬಹುದು. ರಾತ್ರಿ ಮಾತ್ರ ಬೇಡ.

ಊರು ಬೇರೆಯಾಗಿದ್ದರೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿರಲಿಲ್ಲ. ಪಕ್ಕದ ಮನೆಯ ಗೋಡೆ ತಟ್ಟಿದರೆ ಕೇಳಿಸುವ ಬೀದಿಯಲ್ಲಿ ಒಂದು ರಾತ್ರಿ ಒಬ್ಬರೇ ಕಳೆಯುವುದು ಬೇರೆ, ಕೊಡಗಿನ ತೋಟದ ನಡುವೆ ಕಳೆಯುವುದು ಬೇರೆ. ಹುತ್ತರಿಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಬಲಿತಿರುತ್ತದೆ, ಆನೆಗಳ ಓಡಾಟವೂ ಹೆಚ್ಚು. ರಾತ್ರಿ ಹನ್ನೊಂದಕ್ಕೆ ನಿಮಗೆ ಉಸಿರು ಕಟ್ಟಿತೆಂದರೆ ನೆರೆಯವರು ಟಾರ್ಚ್ ಹಿಡಿದು ನಡೆದು ಬರಲಾರರು. ಮೊಬೈಲ್ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲೋ, ಗೇಟಿನ ಬಳಿಯೋ. ಮನೆಯೊಳಗೆ ವೈಫೈ ಮೂಲಕ ಮಾತಾಡುವವರಾದರೆ ಕರೆಂಟು ಹೋದ ಕ್ಷಣ ಅದೂ ನಿಲ್ಲುತ್ತದೆ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ವಯಸ್ಸಾದವರಲ್ಲಿ ಸೋಂಕು ಮರುಕಳಿಸಿದಾಗ ಎಷ್ಟೋ ಸಲ ಜ್ವರವೇ ಬರುವುದಿಲ್ಲ, ಬರುವುದು ಮಂಕು. ದಿನ ಯಾವುದು, ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಗಲಿಬಿಲಿ. ಅದು ಇನ್ನೊಬ್ಬರ ಕಣ್ಣಿಗೆ ಬೀಳಬೇಕೇ ಹೊರತು ರೋಗಿಗೇ ತಿಳಿಯುವುದಿಲ್ಲ.

ಹಾಗಾಗಿ ಮನೆಯವರ ಜೊತೆ ಮೊದಲೇ ಒಂದು ಏರ್ಪಾಡು ಮಾಡಿಕೊಳ್ಳಿ. ನೆರೆ (ಎಲೆಗಳ ಕಟ್ಟು) ಕಟ್ಟುವುದು, ಗದ್ದೆಯಿಂದ ಹೊಸ ಭತ್ತದ ಕದಿರು ತೆಗೆಯುವುದು, ಊಟ ಎಲ್ಲವೂ ಸಾಮಾನ್ಯವಾಗಿ ರಾತ್ರಿ ಹತ್ತು–ಹನ್ನೊಂದರೊಳಗೆ ಮುಗಿಯುತ್ತವೆ. ಐನ್‌ಮನೆ ಹತ್ತಿರವಿದ್ದರೆ ಒಬ್ಬರು ಕಾರಿನಲ್ಲಿ ಹಿಂತಿರುಗಲಿ. ದೂರವಾದರೆ ತೋಟದ ಕೆಲಸಗಾರರು ಇರುವ ಲೈನ್‌ಮನೆಯಿಂದ ನಂಬಿಕೆಯ ಒಬ್ಬರು ಆ ಎರಡು ರಾತ್ರಿ ನಿಮ್ಮ ಪಕ್ಕದ ಕೋಣೆಯಲ್ಲಿ ಮಲಗಲಿ. ಇಷ್ಟಾದರೆ ಯಾರ ಹಬ್ಬವೂ ಕೆಡುವುದಿಲ್ಲ.

ಹಗಲು ಒಬ್ಬರೇ ಇರಲು ಸಹ ಕೆಲವು ಷರತ್ತುಗಳಿವೆ. ಪ್ಯಾರಾಸಿಟಮಾಲ್ ನುಂಗದೆಯೂ ಕಳೆದ 48 ಗಂಟೆಗಳಲ್ಲಿ ಜ್ವರ ಬಂದಿರಬಾರದು. ಬಚ್ಚಲಿಗೆ ಹೋಗಿ ಬಂದ ಮೇಲೆ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಎಳೆದುಕೊಳ್ಳದೆ ಹೇಳಲು ಆಗಬೇಕು. ಗಂಜಿ ಬಿಸಿ ಮಾಡಿಕೊಂಡು ಕುಡಿಯುವಷ್ಟು ಶಕ್ತಿ ಇರಬೇಕು. ಸುಮ್ಮನೆ ಕುಳಿತಿದ್ದಾಗ, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ 95 ಅಥವಾ ಹೆಚ್ಚು ತೋರಿಸಬೇಕು. ಹಬ್ಬದ ಹಿಂದಿನ ದಿನ ಮನೆಯವರ ಎದುರಿಗೇ ಸಮತಟ್ಟಾದ ಜಾಗದಲ್ಲಿ 40 ಹೆಜ್ಜೆ ನಡೆದು ಮತ್ತೆ ನೋಡಿ. ಅಂಕಿ ಮೂರು ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ಹೇಳದೆ ಒಬ್ಬರೇ ಉಳಿಯಬೇಡಿ.

ಆಕ್ಸಿಮೀಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೊಡಗಿನ ಚಳಿಯಲ್ಲಿ ಅದು ಸುಮ್ಮಸುಮ್ಮನೆ ಹೆದರಿಸುತ್ತದೆ. ಬೆರಳು ತಣ್ಣಗಿದ್ದರೆ ರಕ್ತ ಸರಿಯಾಗಿ ಹರಿಯದೆ 88, 90 ಎಂದೆಲ್ಲ ತೋರಿಸುವುದುಂಟು. ಐದು ನಿಮಿಷ ಕುಳಿತು, ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಉಗುರುಬಣ್ಣ ಇಲ್ಲದ ನಡುಬೆರಳಿಗೆ ಹಾಕಿ. ಮೊದಲು ಕಾಣುವ ಅಂಕಿಯನ್ನು ಬಿಟ್ಟು, ಒಂದು ನಿಮಿಷದ ನಂತರ ನಿಂತ ಅಂಕಿಯನ್ನು ಬರೆದುಕೊಳ್ಳಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಅಂಥ ಕಡೆ ಆರೋಗ್ಯವಂತರ ಅಂಕಿಯೂ ಒಂದರಷ್ಟು ಕಡಿಮೆ ಇರಬಹುದು. ಆಸ್ಪತ್ರೆಯಿಂದ ಹೊರಡುವಾಗ ನಿಮ್ಮದು ಎಷ್ಟಿತ್ತು ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿರುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. 93–94ಕ್ಕೆ ಬಂದು ನಿಂತರೆ ವೈದ್ಯರಿಗೆ ಫೋನ್ ಮಾಡಿ. ಬೆರಳು ಬೆಚ್ಚಗಿದ್ದೂ 92 ಅಥವಾ ಕಡಿಮೆಯಾದರೆ ಕಾಯುವುದು ಬೇಡ, ಆಸ್ಪತ್ರೆಗೇ ಹೊರಡಿ.

ಕೆಂಡ, ಹೊಗೆ, ಬಚ್ಚಲು

ನಮ್ಮ ಮಟ್ಟಿಗೆ ಈ ಉತ್ತರದ ಅತಿ ಮುಖ್ಯ ಭಾಗ ಇದೇ. ನವೆಂಬರ್ ಕೊನೆ, ಡಿಸೆಂಬರ್ ಎಂದರೆ ಕೊಡಗಿನಲ್ಲಿ ರಾತ್ರಿ ಕೊರೆಯುವ ಚಳಿ. ಬಾಣಲೆಯಲ್ಲೋ ಹಳೆಯ ಬಕೆಟ್ಟಿನಲ್ಲೋ ಕೆಂಡ ತುಂಬಿ ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಕಿಟಕಿ ಹಾಕಿಕೊಳ್ಳುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ಹೊಗೆ ಕಾಣದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ನಂತರ ಎಚ್ಚರವೇ ತಪ್ಪುತ್ತದೆ. ಮಲಗಿದವರು ಮಲಗಿದಲ್ಲೇ ಹೋಗಿಬಿಡುವುದು ಹೀಗೆಯೇ. ಆಕ್ಸಿಮೀಟರ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ಈ ಅನಿಲ ಹೊಕ್ಕ ರಕ್ತವನ್ನೂ ಆ ಉಪಕರಣ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 97, 98 ಎಂದು ತೋರಿಸುತ್ತದೆ. ಗಾಳಿ ಆಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿದರೂ ಇದೇ ಅಪಾಯ.

ಬೆಚ್ಚಗಿರಲು ಉಣ್ಣೆಯ ಟೋಪಿ, ಕಾಲುಚೀಲ, ಎರಡು ಕಂಬಳಿ, ಒಂದು ಬಿಸಿನೀರಿನ ಚೀಲ ಸಾಕು. ಚೀಲಕ್ಕೆ ಕುದಿಯುವ ನೀರು ಹಾಕಬೇಡಿ, ಮೂರನೇ ಎರಡು ಭಾಗ ಮಾತ್ರ ತುಂಬಿಸಿ, ಗಾಳಿ ಹಿಂಡಿ ತೆಗೆದು, ಟವೆಲಿನಲ್ಲಿ ಸುತ್ತಿ ಕಾಲಿನ ಬಳಿ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಅದನ್ನೂ ಬಿಡಬೇಕು. ಸುಟ್ಟದ್ದೇ ಗೊತ್ತಾಗುವುದಿಲ್ಲ.

ಹಂಡೆ ಒಲೆಗೆ ನೀವೇ ಸೌದೆ ಹಾಕಿ ಊದುವುದು ಬೇಡ. ಗುಣವಾಗುತ್ತಿರುವ ಶ್ವಾಸಕೋಶಕ್ಕೆ ಹಸಿ ಸೌದೆಯ ಹೊಗೆ ತಾಗಿದರೆ ಕೆಮ್ಮು ಮತ್ತೆ ಹೆಚ್ಚಾಗುತ್ತದೆ. ತುಂಬಿದ ಬಕೆಟ್ ಎಂದರೆ ಹತ್ತಿರ ಹತ್ತಿರ 15 ಕಿಲೋ, ಎತ್ತಬೇಡಿ. ಸ್ನಾನ ನಡುಹಗಲಿಗಿರಲಿ. ಸ್ಟೂಲಿನ ಮೇಲೆ ಕುಳಿತು ಮಾಡಿ, ಬಾಗಿಲ ಚಿಲಕ ಹಾಕಬೇಡಿ, ಫೋನು ಕೈಗೆಟುಕುವಲ್ಲಿರಲಿ. ಬಿಸಿನೀರಿನ ನಂತರ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣುಕತ್ತಲೆ ಬರುತ್ತದೆ. ಎರಡು ದಿನ ಮೈ ಒರೆಸಿಕೊಂಡರೂ ಏನೂ ಆಗದು. ಪಾತ್ರೆಯ ಮೇಲೆ ಬಗ್ಗಿ ಹಬೆ ತೆಗೆದುಕೊಳ್ಳುವುದಂತೂ ಒಬ್ಬರೇ ಇರುವಾಗ ಬೇಡವೇ ಬೇಡ. ಅದರಿಂದ ನ್ಯುಮೋನಿಯಾ ವಾಸಿಯಾಗುವುದಿಲ್ಲ, ಕುದಿನೀರು ತೊಡೆಯ ಮೇಲೆ ಮಗುಚಿದರೆ ನೋಡಿಕೊಳ್ಳುವವರು ಯಾರು?

ಮಾತ್ರೆ ಮತ್ತು ಉಸಿರಿನ ಅಭ್ಯಾಸ

ಹಬ್ಬದ ದಿನಗಳಲ್ಲಿ ಊರಿನ ಮೆಡಿಕಲ್ ಶಾಪ್ ತೆರೆದಿರುತ್ತದೆಂದು ನಂಬಬೇಡಿ. ನಾಲ್ಕು ದಿನದ ಮಾತ್ರೆ ಮುಂಚೆಯೇ ತರಿಸಿ, ಹೊತ್ತಿಗೊಂದು ಪೊಟ್ಟಣ ಮಾಡಿ, ಮೇಲೆ ದಪ್ಪ ಅಕ್ಷರದಲ್ಲಿ ವೇಳೆ ಬರೆದಿಡಿ. ಆ್ಯಂಟಿಬಯೋಟಿಕ್ ಇನ್ನೂ ಉಳಿದಿದ್ದರೆ ಜ್ವರ ಹೋಯಿತೆಂದು ನಿಲ್ಲಿಸಬೇಡಿ. ಅದು ಲೆವೊಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್ ಆಗಿದ್ದರೆ ಕಬ್ಬಿಣ, ಕ್ಯಾಲ್ಸಿಯಂ, ಆ್ಯಂಟಾಸಿಡ್ ಮಾತ್ರೆಗಳಿಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಬೇಕು, ಇಲ್ಲವಾದರೆ ಔಷಧ ಹೊಟ್ಟೆಯಲ್ಲೇ ಕಟ್ಟಿಹಾಕಿದಂತಾಗಿ ರಕ್ತಕ್ಕೆ ಸೇರುವುದಿಲ್ಲ. ಡಾಕ್ಸಿಸೈಕ್ಲಿನ್ ನುಂಗಿ ಅರ್ಧ ಗಂಟೆ ಮಲಗಬಾರದು, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಶೀತದ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಬೇರೆಯಾಗಿ ಅದನ್ನೂ ನುಂಗಿದರೆ ಲೆಕ್ಕ ಮೀರಿ ಯಕೃತ್ತಿಗೆ ಪೆಟ್ಟು.

ಆಸ್ಪತ್ರೆಯಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್ (ಉಸಿರಿನ ಅಭ್ಯಾಸದ ಉಪಕರಣ) ಕೊಟ್ಟಿರಬಹುದು. ಅರ್ಧಕ್ಕರ್ಧ ಜನ ಅದನ್ನು ಊದುತ್ತಾರೆ. ಊದುವುದಲ್ಲ, ಎಳೆಯುವುದು. ಮೊದಲು ಉಸಿರನ್ನು ಹೊರಗೆ ಬಿಟ್ಟು, ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ನಿಧಾನವಾಗಿ ಒಳಗೆಳೆದು, ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸಿ. ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ. ತಲೆ ಹಗುರಾದರೆ ನಿಲ್ಲಿಸಿ ಸುಧಾರಿಸಿಕೊಳ್ಳಿ. ಕಫ ಹೊರಬರಲು ಜೋರಾಗಿ ಕೆಮ್ಮುವುದಕ್ಕಿಂತ, ಕನ್ನಡಿಯ ಮೇಲೆ ಹಬೆ ಬಿಡುವಂತೆ ಬಾಯಿ ತೆರೆದು ಎರಡು ಸಲ 'ಹಾ' ಎಂದು ಉಸಿರು ತಳ್ಳಿ, ಆಮೇಲೆ ಒಂದು ಕೆಮ್ಮು ಸಾಕು. ಮಲಗುವಾಗ ತಲೆ ಬೆನ್ನು ಎತ್ತರಿಸಿಕೊಳ್ಳಿ. ದಿನವಿಡೀ ಹಾಸಿಗೆಯಲ್ಲೂ ಇರಬೇಡಿ, ಗಂಟೆಗೊಮ್ಮೆ ಎದ್ದು ಮನೆಯೊಳಗೇ ಎರಡು ಸುತ್ತು ಹಾಕಿ. ಮಲಗಿಯೇ ಇದ್ದರೆ ಕಫ ತಳ ಸೇರುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ.

ಹಬ್ಬದ ಊಟ

ಹುತ್ತರಿಯ ತಂಬಿಟ್ಟು ನಿಮಗೆ ಹೇಳಿ ಮಾಡಿಸಿದ ತಿಂಡಿ. ಹುರಿದಕ್ಕಿಯ ಪುಡಿ, ಕಳಿತ ಬಾಳೆಹಣ್ಣು ಎರಡೂ ಮೆತ್ತಗೆ, ಅಗಿಯುವ ಶ್ರಮವಿಲ್ಲ, ಬಾಯಿರುಚಿ ಕೆಟ್ಟವರಿಗೂ ಇಳಿಯುತ್ತದೆ. ಒಂದು ಚಮಚ ತುಪ್ಪ, ಸ್ವಲ್ಪ ಎಳ್ಳು ಇರಲಿ. ಬೇಯಿಸಿದ ಹುತ್ತರಿ ಗೆಣಸೂ ಆದೀತು. ಕಡಂಬಿಟ್ಟು (ಅಕ್ಕಿತರಿಯ ಹಬೆ ಉಂಡೆ) ಕಳುಹಿಸಿದ್ದರೆ ತಣ್ಣಗಿನದನ್ನು ತಿನ್ನದೆ, ಒಳಗಿನವರೆಗೂ ಬಿಸಿಯಾಗುವಷ್ಟು ಮತ್ತೆ ಹಬೆಯಲ್ಲಿಡಿ. ಹಂದಿಮಾಂಸ ಬೇಡವೆಂದು ನಾವು ಹೇಳುವುದಿಲ್ಲ. ಮಧ್ಯಾಹ್ನ ಎರಡು ತುಂಡು, ಕೊಬ್ಬು ಬದಿಗಿಟ್ಟು. ರಾತ್ರಿಗೆ ಬೇಡ, ಏಕೆಂದರೆ ಖಾರ, ಕೊಬ್ಬು, ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿ ಸೇರಿ ಹುಳಿತೇಗು ಬಂದರೆ ಮಲಗಿದಾಗ ಕೆಮ್ಮು ಕೆರಳುತ್ತದೆ. ರಾತ್ರಿಯೂಟ ಏಳರೊಳಗೆ ಮುಗಿಸಿ, ಎರಡು ಗಂಟೆ ಬಿಟ್ಟು ಮಲಗಿ. ಸ್ನಾಯು ಕರಗಿರುವುದರಿಂದ ಮೊಟ್ಟೆ, ಬೇಳೆ, ಕೋಳಿಸಾರು ದಿನವೂ ಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ದಿನಕ್ಕೆ ಎರಡು ಲೀಟರ್ ಬೆಚ್ಚಗಿನ ನೀರು, ಗಂಜಿ, ಸಾರು ಕುಡಿಯಲಿ, ಕಫ ತೆಳುವಾಗುತ್ತದೆ. ಆಸ್ಪತ್ರೆಯಲ್ಲಿ ಸ್ಟಿರಾಯ್ಡ್ ಕೊಟ್ಟಿದ್ದರೆ ರಕ್ತದ ಸಕ್ಕರೆ ಏರಿರಬಹುದು, ಪಾಯಸಕ್ಕೆ ಮುಂಚೆ ವೈದ್ಯರನ್ನು ಕೇಳಿ. ಮದ್ಯ ಒಂದು ಗುಟುಕೂ ಬೇಡ. ಕೆಮ್ಮಿನ ಸಿರಪ್ಪಿನ ಮಂಪರಿಗೆ ಅದು ಸೇರಿದರೆ ಬೀಳುವುದು ಖಂಡಿತ.

ಫೋನು, ನಾಯಿ, ಗೇಟು

ದಿನಕ್ಕೆ ಮೂರು ಕರೆ ಗೊತ್ತುಮಾಡಿ: ಬೆಳಿಗ್ಗೆ 8, ಮಧ್ಯಾಹ್ನ 1, ಸಂಜೆ 6. 'ಹೇಗಿದ್ದೀಯ' ಎಂದು ಕೇಳಿದರೆ 'ಚೆನ್ನಾಗಿದ್ದೇನೆ' ಎಂದೇ ಎಲ್ಲರೂ ಹೇಳುವುದು. ಅದರ ಬದಲು ಜ್ವರ ಎಷ್ಟು, ಆಕ್ಸಿಮೀಟರ್ ಎಷ್ಟು, ನಿಮಿಷಕ್ಕೆ ಉಸಿರು ಎಷ್ಟು, ಬೆಳಿಗ್ಗೆ ಏನು ತಿಂದಿರಿ ಎಂದು ಅವರು ಕೇಳಲಿ. ಉತ್ತರ ತಡವರಿಸಿದರೆ ಅವರಿಗೇ ತಿಳಿಯುತ್ತದೆ. ಕರೆ ಎತ್ತದಿದ್ದರೆ 15 ನಿಮಿಷ ನೋಡಿ ಲೈನ್‌ಮನೆಯವರನ್ನು ಕಳುಹಿಸಬೇಕು, ಅವರ ಬಳಿ ಬಾಗಿಲ ಕೀ ಇರಬೇಕು. ಒಳಚಿಲಕ ಹಾಕಿದರೆ ಆ ಕೀಯೂ ವ್ಯರ್ಥ.

108ಕ್ಕೆ ಫೋನ್ ಮಾಡಿದಾಗ ತೋಟದ ಮನೆಗೆ ವಿಳಾಸವಿದ್ದರೂ ದಾರಿ ಸಿಗುವುದಿಲ್ಲ. ಮುಖ್ಯರಸ್ತೆಯಲ್ಲಿ ಯಾವ ಬಸ್ ನಿಲ್ದಾಣ, ಅಲ್ಲಿಂದ ಎಷ್ಟು ದೂರಕ್ಕೆ ಯಾವ ಕಡೆ ತಿರುವು, ಗೇಟಿನ ಗುರುತೇನು ಎಂದು ನಾಲ್ಕು ಸಾಲು ಬರೆದು ಫೋನಿನ ಪಕ್ಕ ಅಂಟಿಸಿ. ತುರ್ತಿನಲ್ಲಿ ನೆನಪು ಕೈಕೊಡುತ್ತದೆ. ನಾಯಿಗಳನ್ನು ರಾತ್ರಿ ಬಿಡುವ ಮನೆಯಾದರೆ ಈ ಎರಡು ದಿನ ಕಟ್ಟಿಯೇ ಇರಲಿ, ಇಲ್ಲದಿದ್ದರೆ ಆಂಬುಲೆನ್ಸ್ ಸಿಬ್ಬಂದಿ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ.

ಬಿಟ್ಟ ಜ್ವರ ಮತ್ತೆ ಬಂದರೆ, ಕಫದಲ್ಲಿ ರಕ್ತ ಕಂಡರೆ, ಕುಳಿತಲ್ಲೇ ಉಸಿರು ನಿಮಿಷಕ್ಕೆ 25 ದಾಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ ಹಬ್ಬ ಮುಗಿಯಲೆಂದು ಕಾಯದೆ ಅಂದೇ ವೈದ್ಯರಿಗೆ ತೋರಿಸಿ. ತುಟಿ ನೀಲಿಗಟ್ಟಿದರೆ, ಮಾತು ಮುಗಿಸಲಾಗದಷ್ಟು ಏದುಸಿರು ಬಂದರೆ ನೇರ 108.

ಕದಿರು ತೆಗೆಯುವ ಹೊತ್ತು

ದೂರದ ಗದ್ದೆಗಳಿಂದ ಕದಿರು ಕೊಯ್ಯುವಾಗ ಹಾರಿಸುವ ಗುಂಡಿನ ಸದ್ದು, 'ಪೊಲಿ ಪೊಲಿ ದೇವಾ' ಎಂಬ ಕೂಗು ಕೇಳಿಬರುವಾಗ ಒಬ್ಬರೇ ಕುಳಿತಿರುವುದು ಸಣ್ಣ ಸಂಗತಿಯಲ್ಲ. ಸೋಂಕಿನ ನಂತರದ ವಾರಗಳಲ್ಲಿ ಮನಸ್ಸು ಕುಗ್ಗುವುದು, ಕಾರಣವಿಲ್ಲದೆ ಅಳು ಬರುವುದು ಸಹಜ. ಅದು ನಿಮ್ಮ ದೌರ್ಬಲ್ಯವಲ್ಲ. ಆದರೂ ಗದ್ದೆಯ ಬದುವಿಗೆ ಹೋಗಿ ನಿಲ್ಲಬೇಡಿ, ಇಬ್ಬನಿ, ಪಟಾಕಿಯ ಹೊಗೆ, ಕತ್ತಲಲ್ಲಿ ಎಡವುವ ಅಪಾಯ ಮೂರೂ ಇವೆ. ಒಂದು ದೀಪ ಹಚ್ಚಿ, ಸಾಂಬ್ರಾಣಿ, ಊದುಬತ್ತಿ ಬೇಡ. ಸಿಗ್ನಲ್ ಇದ್ದರೆ ಕದಿರು ಕೊಯ್ಯುವುದನ್ನು ವಿಡಿಯೋ ಕರೆಯಲ್ಲಿ ನೋಡಿ. ರಾತ್ರಿ ಹಿಂತಿರುಗುವವರು ಒಂದು ಹಿಡಿ ಕದಿರು ತಂದು ನಿಮ್ಮ ಕೈಯಿಂದಲೇ ಮನೆಗೆ ಕಟ್ಟಿಸಲಿ, ಇದನ್ನು ಮೊದಲೇ ಹೇಳಿಡಿ. ಮರುದಿನ ದುಡಿ ಬಾರಿಸಿಕೊಂಡು ಹಾಡುವವರು ಬಂದರೆ ಮಾಸ್ಕ್ ಹಾಕಿ ಜಗಲಿಯಲ್ಲಿ ಹತ್ತು ನಿಮಿಷ ಕುಳಿತು ಕೇಳಬಹುದು. ಶೀತ ಕೆಮ್ಮು ಇರುವ ಮಕ್ಕಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಮನಸ್ಸಿನ ಭಾರ ಎರಡು ವಾರವಾದರೂ ಇಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಕೆಮ್ಮು ಮತ್ತು ಏದುಸಿರು ತಗ್ಗಲು ಸುಮಾರು ಆರು ವಾರ, ನಿತ್ರಾಣ ಪೂರ್ತಿ ಹೋಗಲು ಮೂರು ತಿಂಗಳು ಅಥವಾ ಹೆಚ್ಚು ಹಿಡಿಯುತ್ತದೆ. 50 ದಾಟಿದವರು ಆರು ವಾರದ ನಂತರ ಎದೆಯ ಎಕ್ಸ್‌ರೇ ಮತ್ತೆ ತೆಗೆಸಿ ನೆರಳು ಕರಗಿದೆಯೇ ಎಂದು ನೋಡಿಕೊಳ್ಳಬೇಕು. ನಿಮಗೆ ಅದು ಜನವರಿಗೆ, ಅಂದರೆ ರೊಬಸ್ಟಾ ಕಾಫಿ ಕುಯ್ಲಿನ ಹೊತ್ತಿಗೆ ಬೀಳುತ್ತದೆ. ಕುಯ್ಲಿನ ಗಡಿಬಿಡಿಯಲ್ಲಿ ಎಕ್ಸ್‌ರೇ ಮುಂದಕ್ಕೆ ಹಾಕಬೇಡಿ, ಅದನ್ನು ವೈದ್ಯರಿಗೆ ತೋರಿಸುವವರೆಗೆ ಕಾಫಿ ಕಣದ ಧೂಳಿಗೆ ಇಳಿಯಲೂಬೇಡಿ.