ಚಪ್ಪಲಿ ಹೊರಗೆ ಬಿಟ್ಟು ಬನ್ನಿ

ಕೆಲಸ ಕೇಳಿಕೊಂಡು ಬಂದವರಿಗೆ ನಾನು ಹಾಕುವ ಮೊದಲ ಪ್ರಶ್ನೆ ಇದು: ‘ಕಂಪ್ಯೂಟರ್ ಮುಂದೆ ಮೊದಲ ಸಲ ಕೂತಿದ್ದು ಎಲ್ಲಿ, ಯಾಕೆ?’ ಸರ್ಟಿಫಿಕೇಟ್ ಆಮೇಲೆ ನೋಡುತ್ತೇನೆ. ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿ ನನಗೆ 25 ವರ್ಷ ದಾಟಿದೆ. ಈ ಪ್ರಶ್ನೆಯ ಉತ್ತರ ಕೇಳಿದರೆ ಸಾಕು, ಎದುರಿಗೆ ಕೂತವರು ಯಾವ ತಪ್ಪು ಮಾಡಬಹುದು, ಯಾವ ತಪ್ಪನ್ನು ನನಗಿಂತ ಮೊದಲು ಹಿಡಿಯಬಹುದು ಅನ್ನುವುದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಯಾಕೆಂದರೆ ನಮ್ಮ ಕಾಲದಲ್ಲಿ ಯಾರೂ ಬರಿಗೈಯಲ್ಲಿ ಈ ಕೆಲಸಕ್ಕೆ ಬರಲಿಲ್ಲ. ಬೇರೆ ಯಾವುದೋ ಕೆಲಸದ ಕೈಗುಣ ಹೊತ್ತುಕೊಂಡೇ ಬಂದರು.

ನಾನು ಬಂದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಕಡೆಯಿಂದ. 1994ರ ಬೇಸಿಗೆ, ಪಿಯುಸಿ ಮುಗಿದ ರಜೆ. ಮುಂದಿನ ಹಾಲ್‌ನಲ್ಲಿ ಸಾಲಾಗಿ ಟೈಪ್‌ರೈಟರ್, ಕಿವಿ ಕಿವುಡಾಗುವಷ್ಟು ಸದ್ದು. ಹಿಂದೆ ಒಂದು ಕೋಣೆ, ಅದಕ್ಕೊಂದು ಪರದೆ, ಒಳಗೆ ಎಸಿ. ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಟ್ಟು ಬನ್ನಿ’ ಅಂತ ಬೋರ್ಡು. ಒಳಗಿದ್ದದ್ದು ಎರಡೇ ಕಂಪ್ಯೂಟರ್. ನಮಗೆ ಅದು ದೇವರ ಕೋಣೆ ಇದ್ದ ಹಾಗೆ. ಚಪ್ಪಲಿ ಬಿಡಿಸುತ್ತಿದ್ದದ್ದು ಭಕ್ತಿಗಲ್ಲ, ಧೂಳಿಗೆ ಅನ್ನುವುದು ತಿಳಿದದ್ದು ಆಮೇಲೆ. ಮಾಹಿತಿ ತುಂಬಿಡುತ್ತಿದ್ದ ಆಗಿನ ಐದೂಕಾಲು ಇಂಚಿನ ಫ್ಲಾಪಿಯ ಕವರ್‌ನಲ್ಲಿ ಒಂದು ಕಡೆ ಕಿಂಡಿ ತೆರೆದೇ ಇರುತ್ತಿತ್ತು. ಅಲ್ಲಿ ಕಾಣುವ ಕಂದು ತಟ್ಟೆಗೆ ಬೆರಳು ತಗುಲಿದರೂ ಕಷ್ಟ, ಮಣ್ಣು ಕೂತರೂ ಕಷ್ಟ.

ಟೈಪಿಂಗ್ ಕ್ಲಾಸಿನ ಮೊದಲ ನಿಯಮ ಏನು ಗೊತ್ತಲ್ಲ? ಕಣ್ಣು ಪುಸ್ತಕದ ಮೇಲೆ, ಬೆರಳು ಕೀಲಿಯ ಮೇಲೆ. ಅದೇ ಅಭ್ಯಾಸ ಎಸಿ ಕೋಣೆಯೊಳಗೂ ಬಂತು. ಒಂದು ದಿನ ಫ್ಲಾಪಿ ಖಾಲಿ ಮಾಡಬೇಕಿತ್ತು. ಆಗಿನ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್‌ನಲ್ಲಿ ಡೆಲ್, ಸ್ಟಾರ್ ಡಾಟ್ ಸ್ಟಾರ್ ಹೊಡೆದೆ, ಅಂದರೆ ಇಲ್ಲಿರುವ ಫೈಲೆಲ್ಲ ಅಳಿಸು ಅಂತ. ‘ಈ ಡೈರೆಕ್ಟರಿಯ ಫೈಲುಗಳೆಲ್ಲ ಅಳಿಸಿಹೋಗುತ್ತವೆ, ಖಾತ್ರಿಯಾ?’ ಅಂತ ಅದು ಕೇಳಿತು. ಕೇಳುವಷ್ಟರಲ್ಲಿ ನನ್ನ ಬೆರಳು ವೈ ಒತ್ತಿ ಎಂಟರೂ ಹೊಡೆದಾಗಿತ್ತು. ನಾನಿದ್ದದ್ದು ಫ್ಲಾಪಿಯ ಎ ಡ್ರೈವ್‌ನಲ್ಲಲ್ಲ, ಒಳಗಿನ ಹಾರ್ಡ್ ಡಿಸ್ಕಿನ ಸಿ ಡ್ರೈವ್‌ನಲ್ಲಿ. ಹೋದದ್ದು ಇನ್‌ಸ್ಟಿಟ್ಯೂಟಿನ ಲೆಕ್ಕಪತ್ರ.

ಸರ್ ಬೈಯಲಿಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿಕೊಂಡು ಅನ್‌ಡಿಲೀಟ್ ಅಂತ ಹೊಡೆದರು. ಡಾಸ್ ಫೈಲನ್ನು ನಿಜಕ್ಕೂ ಅಳಿಸುವುದಿಲ್ಲ. ಹೆಸರಿನ ಮೊದಲ ಅಕ್ಷರವನ್ನು ಹೊಡೆದುಹಾಕಿ, ‘ಈ ಜಾಗ ಖಾಲಿ’ ಅಂತ ಗುರುತು ಮಾಡಿಕೊಳ್ಳುತ್ತದೆ, ಅಷ್ಟೆ. ಅದರ ಮೇಲೆ ಬೇರೇನಾದರೂ ಬಂದು ಕೂರುವ ತನಕ ಒಳಗಿನ ಮಾಹಿತಿ ಹಾಗೇ ಇರುತ್ತದೆ. ವಾಪಸ್ ತರುವಾಗ ಆ ಮೊದಲ ಅಕ್ಷರವನ್ನು ಮಾತ್ರ ನಾವೇ ಹೇಳಬೇಕು. ಪರದೆಯ ಮೇಲೆ ಒಂದು ಪ್ರಶ್ನೆ ಚಿಹ್ನೆ, ಮುಂದೆ ಎ-ಎಲ್-ಎ-ಆರ್-ವೈ. ‘ಏನಿರಬಹುದಪ್ಪಾ ಇದು?’ ಅಂದರು ಸರ್. ‘ಎಸ್ ಇರಬೇಕು ಸರ್, ಸ್ಯಾಲರಿ.’ ‘ಹೊಡಿ.’ ಹೀಗೆ ಒಂದೊಂದೇ ಫೈಲಿಗೆ ಅಕ್ಷರ ಊಹಿಸುತ್ತಾ ಮಧ್ಯಾಹ್ನದ ಊಟದ ಹೊತ್ತು ಮೀರಿತು. ಆ ಅರ್ಧ ದಿನದಲ್ಲಿ ಡಿಸ್ಕ್ ಬಗ್ಗೆ ಕಲಿತಷ್ಟು ನಾನು ಮುಂದೆ ಮಾಡಿದ ಕಂಪ್ಯೂಟರ್ ಡಿಪ್ಲೊಮಾ ಪಿಜಿಡಿಸಿಎಯಲ್ಲೂ ಕಲಿಯಲಿಲ್ಲ. ಇವತ್ತಿಗೂ ಪರದೆ ಏನಾದರೂ ಪ್ರಶ್ನೆ ಕೇಳಿದರೆ ನನ್ನ ಕೈ ತಾನಾಗಿಯೇ ಕೀಬೋರ್ಡ್ ಬಿಟ್ಟು ತೊಡೆಯ ಮೇಲೆ ಬಂದು ಕೂರುತ್ತದೆ.

ಟೈಪಿಂಗ್ ಕಲಿತವರಲ್ಲಿ ಎಷ್ಟೋ ಜನ ಆಮೇಲೆ ಡೇಟಾ ಎಂಟ್ರಿಗೆ ಹೋದರು. ಜಮೀನಿನ ದಾಖಲೆಗಳ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿತಲ್ಲ, ಅಷ್ಟನ್ನೂ ಕೈಬರಹ ನೋಡಿ ಯಾರೋ ಕುಟ್ಟಲೇಬೇಕಿತ್ತು. ಆಮೇಲೆ ಪ್ರಿಂಟ್ ತೆಗೆದು ಹಳೆಯ ಪುಸ್ತಕದ ಜೊತೆ ತಾಳೆ ನೋಡಬೇಕಿತ್ತು. ಆ ಕೆಲಸ ಮಾಡಿದವರು ಸಿಕ್ಕಿದರೆ ನಾನು ಎರಡನೇ ಪ್ರಶ್ನೆ ಕೇಳುವುದಿಲ್ಲ. ಬೆಳಿಗ್ಗೆ ಬ್ಯಾಕಪ್ ಲಾಗ್, ಅಂದರೆ ಮಾಹಿತಿಯ ನಕಲು ಸರಿಯಾಗಿ ಆಯಿತಾ ಅನ್ನುವ ಪಟ್ಟಿ, ಓದುವ ಕೆಲಸ ಕೊಟ್ಟುಬಿಡುತ್ತೇನೆ. ಸಾವಿರ ಸಾಲಿನಲ್ಲಿ ಒಂದು ಸಾಲು ಬೇರೆ ಥರ ಇದ್ದರೂ ಅವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಎಸ್‌ಪಿ ರೋಡ್ ಹುಡುಗರದ್ದು ಇನ್ನೊಂದೇ ಜಾತಿ. ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ ಬೆಳೆದು, ಬೆಂಗಳೂರಿನ ಆ ಗಲ್ಲಿಗಳಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿ ಮಾರಿದವರು. ಇವರಿಗೆ ಸಾಫ್ಟ್‌ವೇರ್ ಮೇಲೆ ಅನುಮಾನವೇ ಬರುವುದಿಲ್ಲ, ಮೊದಲು ಕೈ ಹೋಗುವುದು ಪವರ್ ಕೇಬಲ್‌ಗೆ. ಕಂಪ್ಯೂಟರ್ ಆನ್ ಆಗದೆ ಕೂಗಿದರೆ ಕಣ್ಣುಮುಚ್ಚಿ ಕೇಳುತ್ತಾರೆ. ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡು. ಉದ್ದುದ್ದ ಕೂಗುತ್ತಲೇ ಇದ್ದರೆ ತಾತ್ಕಾಲಿಕ ಮೆಮೊರಿ, ಅಂದರೆ ರ್‍ಯಾಮ್. ರ್‍ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿ, ಊದಿ, ವಾಪಸ್ ಕೂರಿಸುತ್ತಾರೆ. ಹತ್ತರಲ್ಲಿ ಐದಾರು ಸಲ ಅಷ್ಟಕ್ಕೇ ಸರಿಹೋಗುತ್ತದೆ, ಸುಮ್ನೆ ಹೇಳುತ್ತಿಲ್ಲ. ಇವರ ದೊಡ್ಡ ಗುಣ ಅಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಎರಡು ಭಾಗ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದಿಲ್ಲ, ಗಿರಾಕಿಗೆ ಬಿಲ್ ಹಾಕುವುದು ಹೇಗೆ? ಎಂಜಿನಿಯರಿಂಗ್ ಓದಿ ಬಂದವರಿಗೆ ಈ ಶಿಸ್ತು ಕಲಿಸಲು ನನಗೆ ವರ್ಷ ಹಿಡಿಯುತ್ತದೆ.

ಲೆಕ್ಕ ಬರೆಯುವವರು ಬಂದದ್ದು ಟ್ಯಾಲಿ ದಾರಿಯಲ್ಲಿ. 1986ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿಯ ತಂತ್ರಾಂಶ ಅದು. ಊರೂರಿನ ಬಿ.ಕಾಂ. ಹುಡುಗ ಹುಡುಗಿಯರು ಕಂಪ್ಯೂಟರ್ ಅಂದರೆ ಎಫ್5 ಪೇಮೆಂಟ್, ಎಫ್6 ರಸೀದಿ ಅಂತಲೇ ತಿಳಿದಿದ್ದರು. ನಮ್ಮಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಒಬ್ಬರು ಹಾಗೇ ಬಂದವರು. ಒಮ್ಮೆ ಎರಡು ವರದಿಗಳ ನಡುವೆ 270 ರೂಪಾಯಿ ವ್ಯತ್ಯಾಸ. ಪ್ರೋಗ್ರಾಮರ್‌ಗಳು ಎರಡು ದಿನ ಕೋಡ್ ತಡಕಾಡಿದರು. ಈಕೆ ಬಂದವರೇ, ‘9ರಿಂದ ಭಾಗ ಹೋಗುತ್ತೆ ಅಲ್ವಾ? ಹಾಗಾದರೆ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ’ ಅಂದರು. ಹುಡುಕಿದರೆ 4,740 ಇರಬೇಕಾದಲ್ಲಿ 4,470 ಇತ್ತು. ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಖಾತೆಪುಸ್ತಕದ ಹಳೇ ಉಪಾಯ.

2000 ಬಂದರೆ ಕಂಪ್ಯೂಟರ್ ತಾರೀಖು ಕೆಡುತ್ತದೆ ಅನ್ನುವ ವೈಟುಕೆ ಗಲಾಟೆಯಲ್ಲಿ ಕೋಬಾಲ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆ ಕಲಿತು ವಿಮಾನ ಹತ್ತಿದವರ ಕಥೆ ಎಲ್ಲರಿಗೂ ಗೊತ್ತು, ಬಿಡಿ. ನನಗೆ ಹೇಳಬೇಕು ಅನ್ನಿಸುವುದು ಪ್ರೆಸ್ಸಿನಿಂದ ಬಂದ ಒಬ್ಬರ ಬಗ್ಗೆ.

ನಾವೆಲ್ಲ ಅವರನ್ನು ಅಣ್ಣಾವ್ರು ಅನ್ನುತ್ತಿದ್ದೆವು. ಹದಿನೈದು ವರ್ಷ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಕ್ಷರದ ಅಚ್ಚು, ಜೋಡಿಸಿದವರು. ಆಫ್‌ಸೆಟ್ ಬಂತು, ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂತು, ಮೊಳೆಯ ಕೇಸುಗಳನ್ನು ಗುಜರಿಗೆ ಹಾಕಿದರು. ಮಾಲೀಕರು ಪೇಜ್‌ಮೇಕರ್ ಇದ್ದ ಕಂಪ್ಯೂಟರ್ ತಂದಿಟ್ಟು, ‘ಕಲಿ, ಇಲ್ಲದಿದ್ದರೆ ಬೇರೆ ನೋಡಿಕೋ’ ಅಂದರಂತೆ. ಆಗ ಇವರಿಗೆ 40 ದಾಟಿತ್ತು. ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆ ವಿನ್ಯಾಸ ಇದೆಯಲ್ಲ, ಮುಂದೆ ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. ಅದರಲ್ಲಿ ‘ಕನ್ನಡ’ ಅಂತ ಬರೆಯಲು ಐದೇ ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೊಂಡಿ. ಒತ್ತಿಗೊಂದು, ದೀರ್ಘಕ್ಕೊಂದು ಅಂತ ಬೇರೆ ಬೇರೆ ಮೊಳೆ ಹೆಕ್ಕಿದ ಕೈಗೆ ಇದು ಮೊದಮೊದಲು ಮೋಸ ಅನ್ನಿಸಿತಂತೆ. ‘ಅಕ್ಷರ ನಾನು ಕಟ್ಟುವುದಲ್ವಾ? ಅದೇ ಕಟ್ಟಿಕೊಂಡರೆ ನಾನ್ಯಾಕೆ?’ ಅನ್ನುತ್ತಿದ್ದರು.

ಅವರು ನಮ್ಮಲ್ಲಿಗೆ ಬಂದದ್ದು ತುಂಬಾ ಆಮೇಲೆ, ಒಂದು ಪ್ರಕಾಶನದ ಹಳೆಯ ಫೈಲುಗಳನ್ನು ವೆಬ್‌ಸೈಟಿಗೆ ಹಾಕುವ ಕೆಲಸಕ್ಕೆ. 1990ರ ದಶಕದ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇದ್ದವು. ಫಾಂಟ್ ತೆಗೆದುಬಿಟ್ಟರೆ ‘ಕನ್ನಡ’ ಅನ್ನುವ ಪದ ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ, ಹೀಗೆ ಏನೇನೋ ಆಗಿ ಕಾಣುತ್ತಿತ್ತು. ಅಣ್ಣಾವ್ರು ಅದನ್ನೂ ನೇರವಾಗಿ ಓದುತ್ತಿದ್ದರು! ನಮಗೆ ಅದನ್ನೆಲ್ಲ, ಕನ್ನಡಕ್ಕೆ ಅದರದ್ದೇ ಕೋಡ್ ಕೊಟ್ಟಿರುವ ಯೂನಿಕೋಡ್‌ಗೆ ತರಬೇಕಿತ್ತು. ಒಬ್ಬ ಚುರುಕು ಹುಡುಗ ಪ್ರೋಗ್ರಾಂ ಬರೆದ. ಎಲ್ಲ ಸರಿ ಬಂತು, ಆದರೆ ಕರ್ನಾಟಕ ಮಾತ್ರ ‘ಕನಾರ್ಟಕ’ ಆಯಿತು.

ಹುಡುಗ ತಿದ್ದಿದ. ಈಗ ‘ನಾ’ದ ದೀರ್ಘ ಕಳಚಿಕೊಂಡು, ‘ರ್’ ಪಕ್ಕ ಒಂಟಿಯಾಗಿ ನೇತಾಡಿತು. ಮತ್ತೆ ತಿದ್ದಿದ. ಕರ್ನಾಟಕ ಸರಿಹೋಯಿತು, ‘ಸಾಮರ್ಥ್ಯ’ ಕೆಟ್ಟಿತು.

ಅಣ್ಣಾವ್ರು ಚಹಾ ಹಿಡಿದುಕೊಂಡು ಬಂದು ಅವನ ಹಿಂದೆ ನಿಂತರು. ‘ಅರ್ಕಾವತ್ತು ಎಲ್ಲಿಡ್ತೀಯಪ್ಪ?’ ‘ಒಂದು ಅಕ್ಷರ ಹಿಂದಕ್ಕೆ ತಳ್ತೀನಿ ಸರ್.’ ‘ಅಕ್ಷರ ಅಂದ್ರೆ ಯಾವುದು?’ ಹುಡುಗ ಸುಮ್ಮನಾದ. ಅವನ ಲೆಕ್ಕದಲ್ಲಿ ಅಕ್ಷರ ಅಂದರೆ ಒಂದು ಕೋಡ್. ಅಣ್ಣಾವ್ರು ಪೆನ್ನು ತೆಗೆದು ಕಾಗದದ ಮೇಲೆ ಮೊಳೆಗಳ ಹಾಗೆ ಚೌಕ ಬರೆದರು. ಥ ಒಂದು ಮೊಳೆ, ಅದರ ಕೆಳಗೆ ಯ ಒತ್ತು ಒಂದು ಮೊಳೆ, ಎಲ್ಲ ಮುಗಿದ ಮೇಲೆ ಬಲಗಡೆ ಅರ್ಕಾವತ್ತಿನ ಮೊಳೆ. ‘ನೋಡು, ನಾವು ಕಣ್ಣಿಗೆ ಕಾಣುವ ಹಾಗೆ ಜೋಡಿಸ್ತಿದ್ವಿ, ಹಳೇ ಫಾಂಟೂ ಹಾಗೇ. ಬಾಯಲ್ಲಿ ಹೇಳುವಾಗ ರ ಮೊದಲು ಬರುತ್ತೆ. ನಿನ್ನ ಯೂನಿಕೋಡ್ ಬಾಯಿಯ ಲೆಕ್ಕ ಹಿಡಿಯುತ್ತೆ. ಒತ್ತು, ದೀರ್ಘ ಎಲ್ಲ ಒಂದೇ ಮನೆಯವು. ಆ ಮನೆಯ ಬಾಗಿಲ ತನಕ ಹೋಗಿ ರ ಇಡು, ಮಧ್ಯೆ ತೂರಿಸಬೇಡ.’

ಹತ್ತು ನಿಮಿಷದಲ್ಲಿ ಪ್ರೋಗ್ರಾಂ ಸರಿಯಾಯಿತು. ಇವತ್ತಿಗೂ ಅಂತರ್ಜಾಲದಲ್ಲಿ ಎಲ್ಲಾದರೂ ‘ಕನಾರ್ಟಕ’ ಕಂಡರೆ, ಅಲ್ಲಿ ಮೊಳೆ ಜೋಡಿಸಿದವರು ಯಾರೂ ಇರಲಿಲ್ಲ ಅಂದುಕೊಳ್ಳುತ್ತೇನೆ.

ಈಗ ಬರುವವರೆಲ್ಲ ಫೋನಿನಿಂದಲೇ ಬರುತ್ತಾರೆ. ‘ಮೊದಲು ಕೂತಿದ್ದು ಎಲ್ಲಿ’ ಅಂತ ಕೇಳಿದರೆ ನಗುತ್ತಾರೆ. ಕೂತೇ ಇಲ್ಲ, ಮಲಗಿಕೊಂಡು ನೋಡಿದ್ದು. ಇವರಿಗೆ ಫೈಲು, ಫೋಲ್ಡರ್ ಅನ್ನುವ ಕಲ್ಪನೆಯೇ ಗಟ್ಟಿಯಿಲ್ಲ ಅಂತ ನಾನೂ ಗೊಣಗಿದ್ದೇನೆ. ಫೈಲ್ ಎಲ್ಲಿ ಉಳಿಸಿದೆ ಅಂದರೆ ‘ಆ್ಯಪ್‌ನಲ್ಲಿದೆ ಸರ್’ ಅನ್ನುತ್ತಾರೆ. ಅದಕ್ಕೆ ಮೊದಲ ವಾರ ಇವರಿಗೆ ಮೌಸ್ ಕೊಡುವುದಿಲ್ಲ. ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಿಯೇ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಓಡಾಡಬೇಕು. ಬೈದುಕೊಳ್ಳುತ್ತಾರೆ, ಆದರೆ ಶುಕ್ರವಾರದ ಹೊತ್ತಿಗೆ ಮನೆಯ ನಕ್ಷೆ ತಲೆಯಲ್ಲಿ ಕೂತಿರುತ್ತದೆ.

ಹೋದ ವರ್ಷ ಬಂದ ಒಬ್ಬ ಹುಡುಗಿಯ ಬಗ್ಗೆ ಹೇಳುತ್ತೇನೆ. ಒಂದು ಬ್ರಾಂಚ್ ಆಫೀಸಿನ ಹಳೇ ಕಂಪ್ಯೂಟರ್, ವಿಂಡೋಸ್ 7. ಆನ್ ಮಾಡಿದರೆ ನೀಲಿ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗಿ, ಮತ್ತೆ ಮೊದಲಿನಿಂದ ಶುರು. ನಾನು ಎಂಟೋ ಹತ್ತೋ ಸಲ ಆನ್ ಆಫ್ ಮಾಡಿ, ಮೂಗು ಪರದೆಗೆ ತಾಗಿಸಿ ಓದಲು ನೋಡಿದೆ. ಆಗಲಿಲ್ಲ. ಅವಳು ‘ಸರ್, ಒಂದ್ನಿಮಿಷ’ ಅಂದು ಫೋನ್ ತೆಗೆದು ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದಳು. ಆಮೇಲೆ ಬೆರಳಲ್ಲಿ ಹಿಂದೆ ಮುಂದೆ ಎಳೆದು ಒಂದು ಕಡೆ ನಿಲ್ಲಿಸಿದಳು. ಕೋಡ್ ಸ್ಪಷ್ಟವಾಗಿ ಕಂಡಿತು: ಕೊನೆಯಲ್ಲಿ 7ಬಿ. ಅಂದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುತ್ತಿಲ್ಲ.

ನಾನು ಬಯೋಸ್, ಅಂದರೆ ಕಂಪ್ಯೂಟರ್ ಏಳುವಾಗಿನ ಮೂಲ ಸೆಟ್ಟಿಂಗ್‌ಗಳ ಪರದೆ, ತೆರೆದೆ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಸೆಲ್ ಸತ್ತು ಎಲ್ಲ ಸೆಟ್ಟಿಂಗ್ ಮೊದಲಿನಂತಾಗಿತ್ತು, ಅದರ ಜೊತೆ ಡಿಸ್ಕಿನ ಮೋಡ್ ಕೂಡ ಬದಲಾಗಿತ್ತು. ಅದನ್ನು ಹಳೆಯ ಮೋಡಿಗೆ ತಂದೆ, ವಿಂಡೋಸ್ ಎದ್ದಿತು. ಬೇಕಿದ್ದದ್ದು ಸಿಆರ್2032 ಅನ್ನುವ ಗುಂಡನೆಯ ಸೆಲ್. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅವಳೇ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ ಎರಡು ತಂದಳು, ಒಂದು ಇರಲಿ ಅಂತ.