ಕಸ ಗುಡಿಸುವಾಗ ಕೆಲಸ ನಿಲ್ಲಲೇಬೇಕಾ?

ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ಎಂಐಟಿಯಲ್ಲಿ ಅತಿಥಿಗಳ ಮುಂದೆ ತಾವು ರೂಪಿಸಿದ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಓಡಿಸಿ ತೋರಿಸುತ್ತಿದ್ದರು. ಎಲ್ಲ ಚೆನ್ನಾಗೇ ಸಾಗಿತ್ತು. ಇದ್ದಕ್ಕಿದ್ದಂತೆ ಲೆಕ್ಕ ನಿಂತು, ಸೆಕೆಂಡಿಗೆ 10 ಅಕ್ಷರ ಹೊಡೆಯುವ ಯಂತ್ರ ‘ಗಾರ್ಬೇಜ್ ಕಲೆಕ್ಟರ್ ಅನ್ನು ಕರೆಯಲಾಗಿದೆ’ ಎಂದು ಶುರುಮಾಡಿ ಉದ್ದಕ್ಕೆ ಅಂಕಿಅಂಶ ಟೈಪ್ ಮಾಡತೊಡಗಿತು. ಯಾರೋ ಕೀಟಲೆ ಮಾಡಿದ್ದಾರೆ ಅಂದುಕೊಂಡು ಜನ ನಕ್ಕರು. ಆದದ್ದು ಇಷ್ಟೇ: ಮೆಮೊರಿಯಲ್ಲಿ ಜಾಗ ಮುಗಿದಿತ್ತು. ಪ್ರೋಗ್ರಾಂಗೆ ಇನ್ನು ಬೇಡವಾದದ್ದನ್ನು, ಅಂದರೆ ಕಸವನ್ನು, ಹುಡುಕಿ ಜಾಗ ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಕೆಲಸಕ್ಕಿಳಿದಿತ್ತು.

ಆ ನಿಲುಗಡೆಯನ್ನು ಚಿಕ್ಕದು ಮಾಡುವ ಪ್ರಯತ್ನ ಇವತ್ತಿಗೂ ನಡೆದೇ ಇದೆ.

ಮೆಕಾರ್ಥಿ 1960ರಲ್ಲಿ ಬರೆದ ಉಪಾಯ ಸರಳ. ಪ್ರೋಗ್ರಾಂ ಕೈಯಲ್ಲಿರುವ, ಒಂದು ವಸ್ತು (ಡೇಟಾದ ತುಣುಕು) ಮೆಮೊರಿಯಲ್ಲಿ ಎಲ್ಲಿದೆ ಎಂದು ಹೇಳುವ ಪಾಯಿಂಟರ್‌ಗಳಿಂದ ಹೊರಟು, ಕೊಂಡಿ ಹಿಡಿದು ಹೋಗಿ, ಸಿಕ್ಕಿದ್ದಕ್ಕೆಲ್ಲ ಗುರುತು ಹಾಕಬೇಕು. ಗುರುತು ಬೀಳದ್ದು ಕಸ. ಅದೇ ವರ್ಷ ಜಾರ್ಜ್ ಕಾಲಿನ್ಸ್ ಬೇರೆ ದಾರಿ ತೋರಿಸಿದರು: ಒಂದು ವಸ್ತುವಿಗೆ ಎಷ್ಟು ಪಾಯಿಂಟರ್‌ಗಳಿವೆ ಎಂದು ಎಣಿಸುತ್ತಿರಬೇಕು, ಲೆಕ್ಕ ಸೊನ್ನೆಯಾದ ತಕ್ಷಣ ಬಿಟ್ಟುಬಿಡಬೇಕು. ಎಣಿಕೆಯ ಯೋಚನೆ ಮೆಕಾರ್ಥಿಗೂ ಬಂದಿತ್ತು. ಆದರೆ ಅವರ ಐಬಿಎಂ 704 ಕಂಪ್ಯೂಟರಿನ ಮೆಮೊರಿಯ ಒಂದು ಖಾನೆಯಲ್ಲಿ, ಅಂದರೆ ಒಂದು ವರ್ಡ್‌ನಲ್ಲಿ ಉಳಿದಿದ್ದದ್ದು 6 ಬಿಟ್, ಅವೂ ಬೇರೆಬೇರೆ ಕಡೆ! ಎಣಿಕೆಗೆ ಇನ್ನೊಂದು ತೊಡಕೂ ಇದೆ. ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡಿದ್ದರೆ ಲೆಕ್ಕ ಸೊನ್ನೆಗೆ ಇಳಿಯುವುದೇ ಇಲ್ಲ. ಎಣಿಕೆಯನ್ನೇ ನಂಬಿದ್ದ ಪೈಥಾನ್ ಭಾಷೆ, 2000ರಲ್ಲಿ ಬಂದ 2.0 ಆವೃತ್ತಿಯಲ್ಲಿ ಇಂಥ ಸುತ್ತುಗಳನ್ನು ಹುಡುಕುವ ಕಲೆಕ್ಟರ್ ಸೇರಿಸಬೇಕಾಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಡೇವಿಡ್ ಅಂಗರ್ 1984ರಲ್ಲಿ ಸ್ಮಾಲ್‌ಟಾಕ್ ಭಾಷೆಗಾಗಿ ಮಾಡಿದ ಕೆಲಸ. ಹೆಚ್ಚಿನ ಆಬ್ಜೆಕ್ಟ್‌ಗಳು, ಅಂದರೆ ಮೆಮೊರಿಯಲ್ಲಿನ ವಸ್ತುಗಳು, ಹುಟ್ಟಿದ ಸ್ವಲ್ಪ ಹೊತ್ತಿಗೇ ಬೇಡವಾಗುತ್ತವೆ. ಹಾಗಿದ್ದರೆ ಪ್ರತಿ ಸಲ ಇಡೀ ಮೆಮೊರಿ ಜಾಲಾಡುವುದೇಕೆ? ಹೊಸಬರನ್ನು ಬೇರೆ ಇಟ್ಟು ಆ ಭಾಗವನ್ನೇ ಆಗಾಗ ನೋಡಿದರೆ ಸಾಕಲ್ವಾ? ಬದುಕಿದವನ್ನು ನಕಲು ಮಾಡಿಟ್ಟುಕೊಂಡರೆ ಉಳಿದದ್ದನ್ನು ಮುಟ್ಟುವ ಅಗತ್ಯವೇ ಇಲ್ಲ. ಇವತ್ತಿನ ಜಾವಾ, ಜಾವಾಸ್ಕ್ರಿಪ್ಟ್ ಎಂಜಿನ್‌ಗಳಲ್ಲೂ ಈ ಯೋಚನೆ ಇದೆ.

ಆದರೂ ಹಳೆಯ ಆಬ್ಜೆಕ್ಟ್‌ಗಳ ಭಾಗವನ್ನು ಎಂದಾದರೂ ಗುಡಿಸಲೇಬೇಕು. ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಹೇಗೆ ಮಾಡಬಹುದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಮತ್ತು ನಾಲ್ವರು ಜೊತೆಗಾರರು 1978ರಲ್ಲೇ ಬರೆದಿದ್ದರು. 1995ರಲ್ಲಿ ಬಂದ ಜಾವಾ ಗಾರ್ಬೇಜ್ ಕಲೆಕ್ಷನ್ನನ್ನು ದಿನನಿತ್ಯದ ಮಾತಾಗಿಸಿತು. ಸರ್ವರ್‌ಗಳ ಮೆಮೊರಿ ಬೆಳೆದಂತೆ ನಿಲುಗಡೆಯೂ ಸೆಕೆಂಡುಗಟ್ಟಲೆ ಬೆಳೆಯತೊಡಗಿತು. 2018ರಲ್ಲಿ ಜಾವಾ 11ರ ಜೊತೆ ಬಂದ ಜಡ್‌ಜಿಸಿ ಎಂಬ ಕಲೆಕ್ಟರ್ ಆಬ್ಜೆಕ್ಟ್‌ಗಳ ಜಾಗವನ್ನೂ ಪ್ರೋಗ್ರಾಂ ಓಡುತ್ತಿರುವಾಗಲೇ ಬದಲಿಸುತ್ತದೆ. ಈಗ ಅದರ ನಿಲುಗಡೆ ಸಾಮಾನ್ಯವಾಗಿ 1 ಮಿಲಿಸೆಕೆಂಡಿಗಿಂತ ಕಡಿಮೆ. ಇದು ಸುಮ್ನೆ ಸಿಕ್ಕಿದ್ದಲ್ಲ. ಪ್ರೋಗ್ರಾಂ ಹೀಪ್‌ನಿಂದ (ಆಬ್ಜೆಕ್ಟ್‌ಗಳಿರುವ ಮೆಮೊರಿ ಭಾಗದಿಂದ) ಪಾಯಿಂಟರ್ ಓದಿದಾಗಲೆಲ್ಲ, ‘ಈ ಆಬ್ಜೆಕ್ಟ್ ಜಾಗ ಬದಲಿಸಿದೆಯಾ’ ಎಂದು ಒಮ್ಮೆ ನೋಡಿಕೊಂಡೇ ಮುಂದೆ ಹೋಗಬೇಕು.