ಹರ್ಮನ್ ಅಂದರೆ ‘ಯಜಮಾನ’ ಅಂತಲೇ?

ಓದುಗರ ಪ್ರಶ್ನೆ: ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ಹೆಸರಿಗೆ ಅರ್ಥವೇನು? ಜರ್ಮನ್‌ನಲ್ಲಿ ‘ಹೆರ್’ ಅಂದರೆ ಶ್ರೀಯುತರು, ‘ಮನ್’ ಅಂದರೆ ಗಂಡಸು. ಹಾಗಾದರೆ ಯಜಮಾನ ಅಂತ ಅಲ್ವಾ?

ಅಲ್ಲ. ಅರ್ಧ ಮಾತ್ರ ಸರಿ. ‘ಮನ್’ ಅಂದರೆ ಗಂಡಸು, ನಿಜ. ಮೊದಲ ಭಾಗ ಮಾತ್ರ ಶ್ರೀಯುತರ ‘ಹೆರ್’ ಅಲ್ಲ, ಹಳೆಯ ಜರ್ಮನ್‌ನ ‘ಹೆರಿ’. ಅಂದರೆ ದಂಡು, ಸೈನ್ಯ. ಹಾಗಾಗಿ ಹರ್ಮನ್ ಅಂದರೆ ದಂಡಿನ ಆಳು. ಇದೇ ‘ಹೆರಿ’ ವಾಲ್ಟರ್, ವೆರ್ನರ್, ಗುಂಟರ್ ಹೆಸರುಗಳ ಬಾಲದಲ್ಲೂ ಇದೆ, ಸವೆದು ಸವೆದು ಬರೀ ‘ಎರ್’ ಆಗಿ ಉಳಿದಿದೆ ಅಷ್ಟೇ.

ಶ್ರೀಯುತರ ‘ಹೆರ್’ ಬೇರೆ ಬೇರಿನದು. ಅದರ ಮೂಲದಲ್ಲಿ ಇರುವುದು ತಲೆ ನರೆತವನು, ವಯಸ್ಸಿನಲ್ಲಿ ದೊಡ್ಡವನು ಅನ್ನುವ ಅರ್ಥ. ನಮ್ಮ ‘ಹಿರಿಯ’ ನೆನಪಾಗುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಹಳಗನ್ನಡದಲ್ಲಿ ಅದು ‘ಪಿರಿಯ’, ಹಕಾರ ಬಂದಿದ್ದು ಆಮೇಲೆ, ಹಾಗಾಗಿ ಎರಡಕ್ಕೂ ನಂಟಿಲ್ಲ.

ಜರ್ಮನ್ನರಿಗೆ ಈ ಹೆಸರಿನ ಮೇಲೆ ಜಾಸ್ತಿ ಪ್ರೀತಿ ಬರಲು ಒಂದು ಕಾರಣ ಆರ್ಮಿನಿಯಸ್. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ನರ ಮೂರು ಲೀಜನ್‌ಗಳನ್ನು, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಗಳನ್ನು, ಮುಗಿಸಿದ ನಾಯಕ ಇವನು. ಅವನ ಜರ್ಮನ್ ಹೆಸರು ಏನಿತ್ತೋ, ರೋಮನ್ನರು ಬರೆದಿಟ್ಟಿಲ್ಲ. 16ನೇ ಶತಮಾನದಲ್ಲಿ, ಧರ್ಮಸುಧಾರಕ ಮಾರ್ಟಿನ್ ಲೂಥರ್ ಕಾಲದ ವಿದ್ವಾಂಸರು ‘ಆರ್ಮಿನಿಯಸ್ ಅಂದರೆ ನಮ್ಮ ಹರ್ಮನ್ನೇ’ ಅಂದರು. ಭಾಷೆಯ ಲೆಕ್ಕದಲ್ಲಿ ಇದು ನಿಲ್ಲುವುದು ಕಷ್ಟ. ಆದರೂ ಜನರ ಬಾಯಲ್ಲಿ ನಿಂತುಬಿಟ್ಟಿತು. 1875ರಲ್ಲಿ ಡೆಟ್‌ಮೋಲ್ಡ್ ಹತ್ತಿರ ಕತ್ತಿ ಎತ್ತಿ ಹಿಡಿದ ಅವನ ಪ್ರತಿಮೆ ಪೂರ್ತಿಯಾಯಿತು, ಪೀಠ ಸೇರಿ 53 ಮೀಟರ್ ಎತ್ತರ. ಅದರ ಹೆಸರು ಹರ್ಮನ್ ಸ್ಮಾರಕ!

1811ರಲ್ಲಿ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದ ಮೋಗ್ಲಿಂಗ್ ಕಾಲಕ್ಕೆ ಇದು ಊರೂರಲ್ಲೂ ಕೇಳಿಬರುತ್ತಿದ್ದ ಹೆಸರು. ಅವರ ಗೆಳೆಯ, ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಕೂಡ ಹರ್ಮನ್. ಗುಂಡರ್ಟ್ ಮಗಳ ಮಗನೂ ಹರ್ಮನ್, 1946ರಲ್ಲಿ ನೊಬೆಲ್ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. ಈಗ ಜರ್ಮನಿಯಲ್ಲಿ ಇದು ಅಜ್ಜಂದಿರ ಹೆಸರು. ಮಂಗಳೂರಿಗೆ ಬಂದ ನಮ್ಮ ಹರ್ಮನ್ ಮಾತ್ರ ಕತ್ತಿ ಹಿಡಿದವರಲ್ಲ. 1843ರ ಜುಲೈನಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವರು.